ದ್ರಾಕ್ಷಿ ಚಪ್ಪರದ ಕೆಳಗೆ ಬಂದು ನಿಂತ ಹೆಸರು

ದೆವ್ವದ ಮಾತು ಬಂದರೆ ಎದ್ದು ಹೋಗುವವರ ಪೈಕಿ ನಾನು. ಕೂತು ಕೇಳುವ ತಾಳ್ಮೆ ಇರಲಿಲ್ಲ, ವಾದ ಮಾಡುವ ಆಸಕ್ತಿಯೂ ಇರಲಿಲ್ಲ. ಕಣ್ಣಿಗೆ ಕಾಣದ್ದನ್ನು ನಂಬುವುದಿಲ್ಲ ಎಂದು ಕೆಲವರು ಎದೆ ತಟ್ಟಿಕೊಂಡು ಹೇಳುತ್ತಾರೆ. ನಾನು ಹಾಗೆ ಹೇಳುವಂತಿಲ್ಲ, ಏಕೆಂದರೆ ಕಣ್ಣಿಗೆ ಕಾಣದ್ದೇ ನನ್ನ ಹೊಟ್ಟೆಪಾಡು. ದಿಂಡಿಗಲ್ಲಿನಲ್ಲಿ ಮನೆ, ಅಂಗಡಿ, ಗೋದಾಮುಗಳಿಗೆ ವೈಫೈ ಮತ್ತು ಕ್ಯಾಮೆರಾ ಹಾಕಿಕೊಡುವವನು ನಾನು. ಗಾಳಿಯಲ್ಲಿ ಹೋಗುವ ಸಿಗ್ನಲ್ಲು ಗೋಡೆ ದಾಟುತ್ತದೋ ಇಲ್ಲವೋ, ಎಷ್ಟು ದೂರ ಹೋಗುತ್ತದೆ, ಎಲ್ಲಿ ಸೊರಗುತ್ತದೆ, ಎಲ್ಲವನ್ನೂ ಅಳೆದು ನೋಡುತ್ತೇನೆ. ಅಳತೆಗೆ ಸಿಕ್ಕಿದ್ದು ಉಂಟು, ಸಿಗದ್ದು ಇಲ್ಲ. ಇಷ್ಟೇ ನನ್ನ ವೇದಾಂತವಾಗಿತ್ತು. ಬೀಗದ ವ್ಯಾಪಾರಿಯೊಬ್ಬರು ನಾನು ಹಾಕಿಕೊಟ್ಟ ವೈಫೈ ಪೆಟ್ಟಿಗೆಗೆ ದೃಷ್ಟಿ ತಾಗದಿರಲೆಂದು ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದನ್ನು ಕಂಡು, ಮನೆಗೆ ಬಂದು ಹೆಂಡತಿಯ ಮುಂದೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನು. ಈಗ ಅಂಥದ್ದನ್ನು ಕಂಡರೆ ನಗು ಬರುವುದಿಲ್ಲ. ಕಾರಣ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೊದಲು ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಇಳಿದು ಬಂದು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಬೇಸಾಯಕ್ಕೆ ನಿಂತವರು. ಬೀದಿಗೆ ಬಂದರೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಆ ಕನ್ನಡ ಕೇಳಿದರೆ ನೀವು ನಗಬಹುದು, ಅರ್ಧಕ್ಕರ್ಧ ತಮಿಳೇ ಬೆರೆತಿರುತ್ತದೆ. ನಾನು ಕೆಲವು ವರ್ಷ ಮೈಸೂರಿನಲ್ಲಿ ಕೆಲಸದಲ್ಲಿದ್ದೆ, ಅಲ್ಲಿ ಕಲಿತ ಓದುಬರಹದಿಂದ ಇದನ್ನು ಬರೆಯುತ್ತಿದ್ದೇನೆ. ನಮ್ಮವರಿಗೆ ಈ ಮನೆಮಾತು ಒಂದು ಬೀಗ ಇದ್ದ ಹಾಗೆ. ಸಂತೆಯಲ್ಲಿ ವ್ಯಾಪಾರಿಯ ಎದುರಿಗೇ ಚೌಕಾಸಿಯ ಗುಟ್ಟು ಮಾತಾಡಿಕೊಳ್ಳುತ್ತೇವೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನೇ ಆಡಿಕೊಳ್ಳುತ್ತೇವೆ. ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯ. ಹೀಗಾಗಿ ನಮ್ಮಲ್ಲಿ ಯಾರ ಫೋನು ನೋಡಿದರೂ ಪಾಸ್‌ವರ್ಡು ಮನೆಮಾತಿನ ಒಂದು ಪದವೇ ಆಗಿರುತ್ತದೆ. ಹಾಗೆ ಮಾಡಬೇಡಿ ಎಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದವನು ನಾನೇ.

ನನ್ನ ಅಕ್ಕನನ್ನು ಅದೇ ಕಣಿವೆಯ ಓಡೈಪಟ್ಟಿಗೆ ಕೊಟ್ಟಿದೆ. ಭಾವನದು ದ್ರಾಕ್ಷಿ ತೋಟ. ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ತಲೆಗೆ ತಾಗುವ ಎತ್ತರದಲ್ಲಿ ಚಪ್ಪರ ಹಬ್ಬಿಸಿದ್ದಾರೆ. ಕೆಲವು ವರ್ಷಗಳ ಹಿಂದೆ, ಹಣ್ಣು ಕಪ್ಪಾಗುವ ಹೊತ್ತಿಗೆ ಕಳ್ಳರ ಕಾಟ ಶುರುವಾಯಿತು. ತೋಟಕ್ಕೆ ಕ್ಯಾಮೆರಾಗಳಿದ್ದವು, ಅವು ಓಡಲು ವೈಫೈಯೂ ಇತ್ತು. ಆದರೆ ಅಕ್ಕನ ಕೈ ದೊಡ್ಡದು. ಮಜ್ಜಿಗೆ ಕೇಳಿದವರಿಗೆ ಮಜ್ಜಿಗೆ, ಪಾಸ್‌ವರ್ಡು ಕೇಳಿದವರಿಗೆ ಪಾಸ್‌ವರ್ಡು. ಬೇಲಿಯುದ್ದಕ್ಕೂ ಊರಿನ ಪಡ್ಡೆಗಳು ಫೋನು ಹಿಡಿದು ಕೂರುತ್ತಿದ್ದರು. ಕೊನೆಗೆ ಯಾರೋ ಅದೇ ದಾರಿಯಲ್ಲಿ ಒಳಹೊಕ್ಕು ಕ್ಯಾಮೆರಾಗಳನ್ನೇ ಆರಿಸಿ, ಗೊಂಚಲು ಕೊಯ್ದುಕೊಂಡು ಹೋದರು. ಆಗ ಅಕ್ಕ ನನಗೆ ಫೋನು ಮಾಡಿದಳು.

“ತಂಬಿ, ನೀನೇ ಬಂದು ಬಂದೋಬಸ್ತ್ ಮಾಡ್ಕೊಡು. ನಮ್ಮೋರ್ ಬಿಟ್ಟು ಬೇರೆ ಯಾರೂ ಒಳಿಕ್ ಬರ್ಬಾರ್ದು. ಅದೇನೋ ಪಾಸ್‌ವರ್ಡು, ಅದ್ನ ನನ್ಗೂ ಏಳ್ಬೇಡ. ನನ್ಗೆ ತಿಳಿದ್ರೆ ಊರ್ಗೇ ತಿಳಿದಂಗೆ.”

ಅಕ್ಕನಿಗೆ ಒಬ್ಬಳೇ ಮಗಳು, ಭುವನಾ. ದಿಂಡಿಗಲ್ಲಿನ ನಮ್ಮ ಮನೆಯಲ್ಲಿ ಇದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ನಮಗೆ ಮಕ್ಕಳಿಲ್ಲ. ಅವಳಿಗೆ ಹೂ ತಂದುಕೊಡುವುದು ನನ್ನ ಹೆಂಡತಿಯ ಕೆಲಸ, ಅವಳ ಜೊತೆ ಜಗಳ ಆಡುವುದು ನನ್ನ ಕೆಲಸ. ಅವಳು ತನ್ನ ಫೋನಿಗೆ ‘ಓಡೈಪಟ್ಟಿ ರಾಣಿ’ ಎಂದು ಹೆಸರಿಟ್ಟುಕೊಂಡಿದ್ದಳು. ಯಾವ ಫೋನು ವೈಫೈಗೆ ಸೇರಿದರೂ ಅದರ ಹೆಸರು ನನ್ನ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಕಾಣುತ್ತದೆ. ಅವಳು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಆ ಹೆಸರು ಕಾಣುತ್ತಿತ್ತು. ರಾಣಿಯವರು ಅರಮನೆಗೆ ಬಂದರು ಎಂದು ನಾನು ಒಳಗಿನಿಂದಲೇ ರೇಗಿಸುತ್ತಿದ್ದೆ, ಅವಳು ಸಿಡುಕುತ್ತಿದ್ದಳು. ನಾನು ಓಡೈಪಟ್ಟಿಗೆ ಹೊರಟದ್ದು ಒಂದು ಶುಕ್ರವಾರ ಬೆಳಿಗ್ಗೆ. ಕಾಲೇಜು ಮುಗಿಸಿ ಸಂಜೆಯ ಬಸ್ಸಿಗೆ ತಾನೂ ಬರುತ್ತೇನೆ ಎಂದಿದ್ದಳು.

ಭಾವ ಹಣ್ಣಿನ ಲಾರಿಯ ಜೊತೆ ಕೇರಳಕ್ಕೆ ಹೋಗಿದ್ದರು. ಮನೆಗೂ ತೋಟಕ್ಕೂ ನಡುವೆ ಒಂದು ರಸ್ತೆ. ತೋಟದ ಮಧ್ಯದಲ್ಲಿ ಮೋಟಾರು ರೂಮು ಇದೆ. ಊಟ ಮಾಡಿಕೊಂಡು ಬಂದು, ಅದರ ಬಾಗಿಲ ಮೇಲೆ ಹೊಸ ಪೆಟ್ಟಿಗೆಯನ್ನು ಕೂರಿಸಿ, ಕೆಳಗಿನ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡೆ. ಈ ಪೆಟ್ಟಿಗೆಗೆ ನಮ್ಮ ಕಸುಬಿನಲ್ಲಿ ಆಕ್ಸೆಸ್ ಪಾಯಿಂಟ್ ಎನ್ನುತ್ತಾರೆ. ಗೋಡೆಯಿಲ್ಲದ ಕಡೆ ಇಟ್ಟ ಬಾಗಿಲು ಎಂದುಕೊಳ್ಳಿ. ಹಳೆಯದನ್ನು ಮೊದಲೇ ಕಿತ್ತು ಆರಿಸಿದ್ದೆ. ಹೊಸ ವೈಫೈಯ ಹೆಸರೇ ಹೊರಗಿನವರಿಗೆ ಕಾಣದಂತೆ ಮಾಡಿದೆ. ಆಮೇಲೆ ಎರಡು ತಡೆ ಇಟ್ಟೆ. ಮೊದಲನೆಯದು ಪಾಸ್‌ವರ್ಡು. ಅದನ್ನು ಸರಿಯಾಗಿ ಹಾಕಿದ ಫೋನು ಕೂಡ ನೇರವಾಗಿ ಒಳಗೆ ಬರುವಂತಿಲ್ಲ. ಅದರ ಹೆಸರು ನನ್ನ ಪರದೆಯ ಮೇಲೆ ಬಂದು ಕಾಯುತ್ತದೆ. ನಾನು ‘ಅನುಮತಿಸು’ ಎಂಬುದನ್ನು ಒತ್ತಿದರೆ ಒಳಗೆ, ‘ತಡೆ’ ಎಂಬುದನ್ನು ಒತ್ತಿದರೆ ಹೊರಗೆ. ಇಂಟರ್ನೆಟ್ಟಿನ ತಂತಿಯನ್ನು ಇನ್ನೂ ಜೋಡಿಸಿರಲಿಲ್ಲ. ಆ ಹೊತ್ತಿಗೆ ಪೆಟ್ಟಿಗೆಗೂ ಹೊರಗಿನ ಪ್ರಪಂಚಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಬೇರೆ ಗಿರಾಕಿಯಾಗಿದ್ದರೆ ಅಕ್ಷರ, ಅಂಕಿ ಎಲ್ಲ ಕಲಸಿ ಬಾಯಿಗೆ ಬಾರದ ಪಾಸ್‌ವರ್ಡು ಕೊಡುತ್ತಿದ್ದೆ. ಅವತ್ತು ಅಕ್ಕನ ಕೈಯಡುಗೆ ಹೊಟ್ಟೆ ತುಂಬಿತ್ತು, ಮನೆಯವರದೇ ಕೆಲಸ ಎಂಬ ಸಲಿಗೆಯೂ ಇತ್ತು. ನಮ್ಮಲ್ಲಿ ಒಂದು ಪದ್ಧತಿ ಇದೆ. ದೂರದಿಂದ ಬಂದ ಮನೆಮಗಳು ತಾನಾಗಿ ಹೊಸ್ತಿಲು ದಾಟುವುದಿಲ್ಲ. ಹೊರಗೆ ನಿಲ್ಲುತ್ತಾಳೆ. ಒಳಗಿನವರು ಒಂದು ಚೊಂಬು ನೀರು ತಂದು ಅವಳ ಕಾಲಿಗೆ ಹಾಕಿ, ‘ಬಾ ಕಣ್ಣು, ಒಳಿಕ್ ಬಾ’ ಎನ್ನಬೇಕು. ಕಣ್ಣು ಎಂಬುದು ತಮಿಳಿನ ಮುದ್ದಿನ ಕರೆ. ಆ ಮಾತು ಕೇಳಿದ ಮೇಲೆಯೇ ಅವಳು ಒಳಗೆ ಕಾಲಿಡುವುದು. ನಮ್ಮಮ್ಮ ಅಕ್ಕನಿಗೆ ಹೇಳುತ್ತಿದ್ದಳು, ಅಕ್ಕ ಭುವನಾಳಿಗೆ ಹೇಳುತ್ತಿದ್ದಳು. ಸಂಜೆ ಅವಳು ಬರುವವಳಿದ್ದಳಲ್ಲ, ಅದೇ ಮಾತು ತಲೆಗೆ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಅದನ್ನೇ ಒತ್ತಿ ಪಾಸ್‌ವರ್ಡು ಮಾಡಿದೆ. ಈ ಸೀಮೆಯಲ್ಲಿ ಯಾರಿಗೆ ಹೊಳೆದೀತು ಎಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲೂ ಬರೆದಿಡಲಿಲ್ಲ.

ದ್ರಾಕ್ಷಿ ಚಪ್ಪರದ ಕೆಳಗೆ ನೀವು ಎಂದಾದರೂ ಕೂತಿದ್ದೀರೋ ಇಲ್ಲವೋ. ಮೇಲೆ ಉರಿಬಿಸಿಲು ಇದ್ದರೂ ಕೆಳಗೆ ಹಸಿರು ಮಬ್ಬು. ನಮ್ಮ ಕಣಿವೆಯ ಕಪ್ಪು ತಳಿ ಪನ್ನೀರು ದ್ರಾಕ್ಷಿ ಹಣ್ಣಾದರೆ ವಾಸನೆಗೇ ತಲೆ ಭಾರವಾಗುತ್ತದೆ. ನಿಂತರೆ ಎಲೆ, ಗೊಂಚಲು ಬಿಟ್ಟು ಬೇರೇನೂ ಕಾಣದು. ಕೂತರೆ ಮಾತ್ರ ಕಲ್ಲುಕಂಬಗಳ ನಡುವೆ ಬೇಲಿಯವರೆಗೂ ನೋಟ ಹರಿಯುತ್ತದೆ. ಯಾರಾದರೂ ಬಂದರೆ ಮೊದಲು ಅವರ ಕಾಲು ಕಾಣುತ್ತದೆ. ಕೂಲಿಯವರೆಲ್ಲ ಊಟಕ್ಕೆ ಹೋಗಿದ್ದರು. ತೋಟದಲ್ಲಿ ನಾನೊಬ್ಬನೇ.

ಪರೀಕ್ಷೆಗೆ ನನ್ನ ಫೋನನ್ನೇ ಸೇರಿಸೋಣ ಎಂದು ಪರದೆ ನೋಡಿದರೆ, ಅಲ್ಲಿ ಆಗಲೇ ಒಂದು ಹೆಸರು ಬಂದು ಕಾಯುತ್ತಿತ್ತು. ಓಡೈಪಟ್ಟಿ ರಾಣಿ.

ನಿಜ ಹೇಳಬೇಕೆಂದರೆ ಮೊದಲು ಖುಷಿಯೇ ಆಯಿತು. ಕಾಲೇಜಿಗೆ ಚಕ್ಕರ್ ಹೊಡೆದು ಬೇಗ ಬಂದಿದ್ದಾಳೆ, ಹಿಂದಿನಿಂದ ಬಂದು ಹೆದರಿಸುವ ಉಪಾಯ ಮಾಡಿದ್ದಾಳೆ ಎಂದುಕೊಂಡೆ. ರಾಣಿಯವರು ಬಂದ್ರಾ ಎಂದು ಕೂಗಿದೆ. ಉತ್ತರ ಬರಲಿಲ್ಲ. ಆಮೇಲೆ ತಲೆ ಓಡಿತು. ವೈಫೈಯ ಹೆಸರು ಹೊರಗೆ ಕಾಣುವುದಿಲ್ಲ. ಪಾಸ್‌ವರ್ಡು ಇಟ್ಟದ್ದು ಈಗಷ್ಟೇ. ಅವಳ ಫೋನಿಗೆ ಅದು ಸಿಕ್ಕಿದ್ದು ಹೇಗೆ?

ಹೆಸರಿನ ಪಕ್ಕದಲ್ಲಿ ಸಿಗ್ನಲ್ಲಿನ ಗೀಟುಗಳು ಇರುತ್ತವೆ. ಫೋನು ದೂರದಲ್ಲಿದ್ದರೆ ಒಂದೇ ಗೀಟು, ಹತ್ತಿರ ಬಂದ ಹಾಗೆ ಹೆಚ್ಚುತ್ತವೆ. ಆಗ ಇದ್ದದ್ದು ಒಂದು. ಬೇಲಿಯ ಹತ್ತಿರ ಇರಬೇಕು ಎಂದು ಬಗ್ಗಿ ನೋಡಿದೆ. ಕಂಬಗಳು, ಒಣಗಿದ ಎಲೆ, ನೀರಿನ ಪೈಪು. ಕಾಲು ಕಾಣಲಿಲ್ಲ. ಪರದೆ ನೋಡಿದರೆ ಎರಡು ಗೀಟು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ರೂಮಿನ ಹಿಂದೆ ಹೋಗಿ ನೋಡಿ ಬಂದೆ. ಮೂರು ಗೀಟಾಗಿತ್ತು.

ಕಥೆಗಳಲ್ಲಿ ಇಂಥ ಹೊತ್ತಿನಲ್ಲಿ ಗಾಳಿ ನಿಲ್ಲುತ್ತದೆ, ಹಕ್ಕಿಗಳು ಸುಮ್ಮನಾಗುತ್ತವೆ. ಅಂಥದ್ದೇನೂ ಆಗಲಿಲ್ಲ. ಮೋಟಾರು ತನ್ನಷ್ಟಕ್ಕೆ ಓಡುತ್ತಿತ್ತು. ಮೈನಾಗಳು ಹಣ್ಣು ಕುಕ್ಕುತ್ತಿದ್ದವು. ರಸ್ತೆಯಲ್ಲಿ ಯಾರದೋ ಮೊಪೆಡ್ಡು ಹೋಯಿತು. ಲೋಕವೆಲ್ಲ ಸರಿಯಾಗಿಯೇ ಇದ್ದು, ಅದರ ನಡುವೆ ಆ ಹೆಸರು ಮಾತ್ರ ನನ್ನ ಕಡೆಗೆ ನಡೆದು ಬರುತ್ತಿತ್ತು. ನನ್ನನ್ನು ಹೆದರಿಸಿದ್ದು ಅದೇ.

ಅವಳ ಫೋನಿಗೆ ಕರೆ ಮಾಡಿದೆ. ಸ್ವಿಚ್ ಆಫ್ ಆಗಿದೆ ಎಂದು ತಮಿಳಿನಲ್ಲಿ ಹೆಂಗಸಿನ ದನಿ ಹೇಳಿತು. ಮತ್ತೆ ಮಾಡಿದೆ, ಅದೇ ಮಾತು. ಆರಿಹೋಗಿದ್ದ ಫೋನು ನನ್ನ ಪರದೆಯ ಮೇಲೆ ಉರಿಯುತ್ತಿತ್ತು. ಅಷ್ಟರಲ್ಲಿ ಗೀಟುಗಳು ಪೂರ್ತಿಯಾದವು. ಹಾಗೆ ಪೂರ್ತಿಯಾಗಬೇಕಾದರೆ ಫೋನು ಪೆಟ್ಟಿಗೆಯ ಬುಡದಲ್ಲೇ ಇರಬೇಕು. ಪೆಟ್ಟಿಗೆಯ ಬುಡದಲ್ಲಿ ಇದ್ದವನು ನಾನು. ಕೈ ಚಾಚಿದರೆ ತಗಲುವಷ್ಟು ಹತ್ತಿರ ಯಾರೋ ನಿಂತಿರಬೇಕು. ಕೈ ಚಾಚುವ ಧೈರ್ಯ ನನಗಿರಲಿಲ್ಲ. ತಲೆ ಎತ್ತಿ ಪಕ್ಕಕ್ಕೆ ನೋಡಲು ಕುತ್ತಿಗೆಯೇ ಒಪ್ಪಲಿಲ್ಲ.

ಪರದೆಯ ಮೇಲೆ ಹೆಸರು, ಕೆಳಗೆ ಎರಡು ಗುಂಡಿ. ಅನುಮತಿಸು, ತಡೆ. ಅದು ಕಾಯುತ್ತಿತ್ತು. ಹೊಸ್ತಿಲಾಚೆ ನಿಂತವರು ಕಾಯುವ ಹಾಗೆ ಎಂದು ಯೋಚನೆ ಬಂದದ್ದೇ ಮೈಯೆಲ್ಲ ಬೆವೆತುಹೋಯಿತು. ಈಗ ಬಾಯಿ ಬಿಡಬಾರದು, ಏನಾದರೂ ಅಂದರೆ ಏನೋ ಆಗಿಹೋಗುತ್ತದೆ ಅನ್ನಿಸಿತು. ಯಾಕೆ ಹಾಗೆ ಅನ್ನಿಸಿತೋ ತಿಳಿಯದು. ಗಾಬರಿಯಲ್ಲಿ ‘ತಡೆ’ ಒತ್ತಿಬಿಟ್ಟೆ. ಹೆಸರು ಹೋಯಿತು. ಲ್ಯಾಪ್‌ಟಾಪನ್ನು ಮೆಟ್ಟಿಲ ಮೇಲೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ, ಮುಖಕ್ಕೆ ಗೊಂಚಲು ಬಡಿಯುತ್ತಿದ್ದರೂ ನಿಲ್ಲದೆ ಮನೆಯ ಕಡೆಗೆ ಓಡಿದೆ.

ಅಕ್ಕ ಜಗುಲಿಯಲ್ಲಿ ಅಕ್ಕಿ ಕೇರುತ್ತಿದ್ದಳು. “ಯಾನ್ ತಂಬಿ ಇಂಗ್ ಓಡ್ ಬತ್ತೀ, ಆವ್ ಗೀವ್ ಕಂಡ್ಯಾ?” ಎಂದಳು.

“ಭುವನಾ ಬಂದ್ಳಾ ಅಕ್ಕಾ?”

“ಸಂಜೀಕಲ್ವಾ ಬರೋದು. ಯಾಕ್ ಕೇಳ್ತೀ?” ಎಂದವಳು ನನ್ನ ಮುಖ ನೋಡಿ ಮೊರವನ್ನು ಕೆಳಗಿಟ್ಟಳು. ಅವಳು ಮುಂದಿನ ಮಾತು ಕೇಳುವ ಮೊದಲೇ ನನ್ನ ಫೋನು ರಿಂಗಾಯಿತು.

ಅಪರಿಚಿತರೊಬ್ಬರು ಮಾತಾಡಿದರು. ಭುವನಾಳ ಕಾಲೇಜಿನ ಗುರುತಿನ ಚೀಟಿಯಲ್ಲಿ ನನ್ನ ನಂಬರು ಇತ್ತಂತೆ. ಅವಳು ನಿಜವಾಗಿಯೂ ಕಾಲೇಜಿಗೆ ಚಕ್ಕರ್ ಹೊಡೆದು ಬೇಗನೆ ಬಸ್ಸು ಹತ್ತಿದ್ದಳು. ಬತ್ತಲಗುಂಡು ದಾಟಿದ ಮೇಲೆ ಟೈರು ಸಿಡಿದು ಬಸ್ಸು ರಸ್ತೆ ಬಿಟ್ಟು ಹಳ್ಳಕ್ಕೆ ಇಳಿದಿತ್ತು. ತೇನಿಯ ಆಸ್ಪತ್ರೆಗೆ ಕಳಿಸುತ್ತಿದ್ದೇವೆ, ಬೇಗ ಬನ್ನಿ ಎಂದರು. ಜೀವ ಇದೆಯೇ ಎಂದು ನಾನು ಕೇಳಲಿಲ್ಲ.

ಅಕ್ಕನನ್ನು ನಾನು ತಂದಿದ್ದ ವ್ಯಾನಿಗೆ ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳದು ಒಂದೇ ಮಾತು. “ಮಗೀಗೆ ಏನೂ ಆಗಿರಾಕಿಲ್ಲ, ಅಲ್ವಾ ತಂಬಿ?” ಭುವನಾ ತೋಟಕ್ಕೆ ಬಂದು ಹೋಗಿದ್ದಾಳೆ, ಇನ್ನು ಅವಳಿಲ್ಲ ಎಂದು ನನ್ನ ಮಟ್ಟಿಗೆ ಖಾತ್ರಿಯಾಗಿಹೋಗಿತ್ತು. ಅಕ್ಕ ಪಕ್ಕದಲ್ಲಿ ಕೂತು ದೇವರಿಗೆ ಹರಕೆ ಹೊರುತ್ತಿದ್ದಳು. ನನಗೆ ಹಿಂದಿನ ಸೀಟಿನ ಕಡೆಗೆ ಕನ್ನಡಿಯಲ್ಲಿ ನೋಡಲೂ ಭಯವಾಗುತ್ತಿತ್ತು. ಅಷ್ಟು ಹೆದರಿ ನಾನು ಎಂದೂ ಗಾಡಿ ಓಡಿಸಿರಲಿಲ್ಲ.

ಅವಳು ಬದುಕಿದ್ದಳು. ತಲೆಗೆ ಪೆಟ್ಟಾಗಿತ್ತು, ಪಕ್ಕೆಲುಬು ಮುರಿದಿತ್ತು, ಪ್ರಜ್ಞೆ ಇರಲಿಲ್ಲ, ಆದರೆ ಉಸಿರಾಡುತ್ತಿದ್ದಳು. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಭುವನಾಳ ಜೊತೆ ಆಂಬುಲೆನ್ಸಿನಲ್ಲಿ ಬಂದಿದ್ದ ಎಳನೀರು ಮಾರುವ ಮುದುಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಮಿಳಿನಲ್ಲಿ ಹೇಳಿದರು. ಹಳ್ಳದಿಂದ ಎತ್ತಿ ಮಲಗಿಸಿದಾಗ ಉಸಿರು ಇರಲಿಲ್ಲವಂತೆ, ನಾಡಿ ಸಿಗಲಿಲ್ಲವಂತೆ. ಹೋಗಿದ್ದಾಳೆ ಎಂದು ಅವರೇ ತಮ್ಮ ಹೆಗಲಿನ ಬಟ್ಟೆಯನ್ನು ಅವಳ ಮುಖಕ್ಕೆ ಮುಚ್ಚಿದ್ದರು.

“ಆಮೇಲೆ ಯಾರೋ ಹಿಡಿದು ಹಿಂದಕ್ಕೆ ತಳ್ಳಿದ ಹಾಗೆ ಮೈ ಒಂದು ಸಲ ಅದುರಿತು ತಂಬಿ. ಕೆಮ್ಮಿದಳು. ನಾನೇ ಹೆದರಿ ದೂರ ಸರಿದೆ.”

ಅದು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅಂಥ ಹೊತ್ತಲ್ಲಿ ಗಡಿಯಾರ ಯಾರು ನೋಡುತ್ತಾರೆ ಎಂದರು. ಅವಳ ಫೋನನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಎರಡು ಹೋಳಾಗಿತ್ತು.

ಆಮೇಲೆ ನಾನು ಕಸುಬಿನವನ ಬುದ್ಧಿ ಓಡಿಸಿದೆ. ಅವಳ ಹೆಸರು ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದಲೂ ಉಳಿದಿದ್ದು ಕಾಣಿಸಿತೇ? ಉಳಿದ ಹೆಸರು ಸುಮ್ಮನೆ ಬಿದ್ದಿರುತ್ತದೆ, ಗೀಟು ಏರಿಸಿಕೊಂಡು ಬರುವುದಿಲ್ಲ. ಬೇಲಿಯ ಪಡ್ಡೆಗಳಲ್ಲಿ ಯಾವನೋ ತನ್ನ ಫೋನಿಗೆ ಅದೇ ಹೆಸರಿಟ್ಟು ಚೇಷ್ಟೆ ಮಾಡಿದನೇ? ಮಾಡಿದರೂ ಪಾಸ್‌ವರ್ಡು ಅವನಿಗೆ ಹೇಳಿದವರು ಯಾರು? ಪೆಟ್ಟಿಗೆಯನ್ನೇ ಬಿಡಿಸಿ ನೋಡೋಣವೆಂದರೆ, ಅವತ್ತು ಸಂಜೆ ಕರೆಂಟು ಹೋಗಿ ಬಂದಾಗ ಅದರಲ್ಲಿದ್ದ ಗುರುತೆಲ್ಲ ಅಳಿಸಿಹೋಗಿತ್ತು. ನಾನು ಕಂಡದ್ದೇ ಸುಳ್ಳು, ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡರೆ ನಿದ್ದೆ ಬರುತ್ತಿತ್ತು. ಹಾಗೇ ಅಂದುಕೊಂಡೆ. ತೋಟದ ಕೆಲಸ ಮುಗಿಸಲು ತೇನಿಯ ಇನ್ನೊಬ್ಬರಿಗೆ ಒಪ್ಪಿಸಿದೆ, ನೆವ ಏನೋ ಹೇಳಿದೆ.

ಭುವನಾ ಎದ್ದು ಓಡಾಡಲು ಕೆಲವು ತಿಂಗಳೇ ಹಿಡಿಯಿತು. ಅಲ್ಲಿಯವರೆಗೂ ನಾನು ಯಾರ ಹತ್ತಿರವೂ, ಹೆಂಡತಿಯ ಹತ್ತಿರವೂ, ಬಾಯಿ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಓಡೈಪಟ್ಟಿಯ ಜಗುಲಿಯಲ್ಲಿ ಅಕ್ಕ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಭುವನಾ ತಾನಾಗಿಯೇ ಮಾತು ತೆಗೆದಳು.

“ಮಾಮಾ, ಆವತ್ತು ತೋಟದಾಗೆ ತಲೇಗೆ ಪಚ್ಚೆ ಟವಲ್ ಕಟ್ಟಿದ್ರಲ್ಲಾ?”

ಕಟ್ಟಿದ್ದೆ. ಚಪ್ಪರದಿಂದ ಇರುವೆ ಬೀಳುತ್ತದೆಂದು ಮೋಟಾರು ರೂಮಿನಲ್ಲಿ ಸಿಕ್ಕ ಹಸಿರು ಟವೆಲ್ಲನ್ನು ಸುತ್ತಿಕೊಂಡಿದ್ದೆ. ಓಡುವಾಗ ಅದು ತೋಟದಲ್ಲೇ ಬಿದ್ದುಹೋಗಿತ್ತು. ಅಕ್ಕ ಕೂಡ ಅದನ್ನು ಕಂಡಿರಲಿಲ್ಲ.

ಭುವನಾ ಹೇಳಿದ್ದು ಇಷ್ಟು. ಬಸ್ಸಿನ ದೊಡ್ಡ ಸದ್ದು ನೆನಪಿದೆ. ಆಮೇಲೆ ಕತ್ತಲೆ. ಆ ಕತ್ತಲೆಯಲ್ಲಿ ಯಾರೋ ಬಾ ಕಣ್ಣು ಎಂದು ಕರೆದ ಹಾಗಾಯಿತು. ಕರೆದ ಕಡೆಗೆ ನಡೆದಳು. ನಡೆದರೆ ತಮ್ಮದೇ ಚಪ್ಪರ, ಹಣ್ಣಿನ ವಾಸನೆ. ಮೋಟಾರು ರೂಮಿನ ಮೆಟ್ಟಿಲ ಮೇಲೆ ನಾನು ಕೂತಿದ್ದೆ. ಪಕ್ಕದಲ್ಲಿ ಬಂದು ನಿಂತು ಮಾಮಾ ಎಂದಳು. ನಾನು ಎಲ್ಲೆಲ್ಲೋ ನೋಡುತ್ತಾ, ಫೋನನ್ನು ಕಿವಿಗೆ ಹಿಡಿದು ಬೆವರುತ್ತಿದ್ದೆನಂತೆ.

“ಕರ್ದಿದ್ದು ನೀವೇ ಅಂದ್ಕೊಂಡೆ. ಒಳಿಕ್ ಬಾ ಅಂತೀರ ಅಂತ ನಿಂತಿದ್ದೆ. ನೀವು ಅನ್ನಿಲ್ಲ. ಬಾಗ್ಲು ಮೊಕದ್ ಮೇಲೇ ಆಕ್ದಂಗಾತು. ಅದಾದ್ಮೇಲೆ ಪಕ್ಕೆ ನೋವು, ಎಳನೀರ್ ತಾತನ ಮೊಕ.”

ಆಗ ನಾನೂ ಎಲ್ಲವನ್ನೂ ಹೇಳಿದೆ. ಅಕ್ಕನ ಕೈ ಮಗಳ ತಲೆಯ ಮೇಲೇ ನಿಂತುಹೋಯಿತು. “ನೀನ್ ಒಳಿಕ್ ಬಾ ಅಂದಿದ್ರೆ ಬಂದ್ಬುಟ್ಟಿರೋಳು ತಂಬಿ. ಆಮೇಲೆ ಇಂದಕ್ ಓಗೋಕಾಗ್ತಿರಲಿಲ್ಲ. ತಡ್ದು ಒಳ್ಳೇದ್ ಮಾಡ್ದೆ” ಎಂದಳು.

ಅಕ್ಕನ ಮಾತನ್ನು ನಂಬಲು ನನಗೆ ಬಹಳ ಆಸೆ. ಆದರೆ ನಂಬಿದರೆ ಇನ್ನೊಂದನ್ನೂ ನಂಬಬೇಕಾಗುತ್ತದೆ. ಕರೆಯುವ ಮಾತನ್ನು ಪಾಸ್‌ವರ್ಡು ಮಾಡಿ, ಎದುರಿಗೆ ಯಾರೂ ಇಲ್ಲದ ಕಡೆ, ಹೊತ್ತಲ್ಲದ ಹೊತ್ತಿನಲ್ಲಿ ಗಾಳಿಗೆ ಬಿಟ್ಟವನು ನಾನು. ಆ ಕರೆ ಇರದಿದ್ದರೆ ಅವಳು ಅಷ್ಟು ದೂರ ನಡೆದು ಬರುತ್ತಿದ್ದಳೇ? ಬರದೆ ಎಲ್ಲಿಗೆ ಹೋಗುತ್ತಿದ್ದಳು? ಅವಳನ್ನು ಉಳಿಸಿದವನು ನಾನೋ, ಮೈಯಿಂದ ಹೊರಗೆ ಕರೆದವನು ನಾನೋ, ಅಥವಾ ಇದರಲ್ಲಿ ನನ್ನ ಕೈವಾಡ ಏನೂ ಇಲ್ಲವೋ? ಯಾವ ಕಡೆಯಿಂದ ಅಳೆದರೂ ಅಳತೆಗೆ ಸಿಗುತ್ತಿಲ್ಲ.

ಭುವನಾ ಈಗ ಚೆನ್ನಾಗಿದ್ದಾಳೆ, ತೇನಿಯಲ್ಲಿ ಕೆಲಸಕ್ಕೂ ಹೋಗುತ್ತಾಳೆ. ಅವತ್ತಿನ ಮಾತನ್ನು ನಾವು ಎತ್ತುವುದಿಲ್ಲ. ಈಚೆಗೆ ಒಮ್ಮೆ ಅವಳನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ಬಸ್ಸಿಗೆ ಕಾಯುತ್ತಾ ನಿಂತವಳು ಇದ್ದಕ್ಕಿದ್ದಂತೆ, “ಮಾಮಾ, ಆವತ್ತು ನೀವು ಬಯ ಬಿದ್ದದ್ದು ನನ್ ಕಂಡೇ ಅಲ್ವಾ?” ಎಂದಳು. ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ಹೌದು ಎಂದೆ.

ಅವಳು ರಸ್ತೆಯ ಕಡೆಗೇ ನೋಡುತ್ತಾ, “ನನ್ಗೂ ಬಯ ಆಗಿತ್ತು ಮಾಮಾ. ಅದ್ಕೇ ನಿಮ್ತಾವ ಬಂದದ್ದು” ಎಂದಳು.